ಅಂಟಕ್ಕ ಮುಚ್ಚಿದ ಊರು

ಕಚೇರಿಯಲ್ಲಿ ನನ್ನನ್ನು ಎಲ್ಲರೂ ಕತ್ತರಿ ಎಂದೇ ಕರೆಯುತ್ತಾರೆ. ಅದು ಕೆಲಸದಿಂದ ಬಂದ ಹೆಸರೋ ನಾಲಿಗೆಯಿಂದ ಬಂದದ್ದೋ ಎಂದು ಕೇಳಿದವರಿಗೆ ಎರಡರ ರುಚಿಯನ್ನೂ ತೋರಿಸಿ ಕಳಿಸಿದ್ದೇನೆ. ನಾನು ನಕ್ಷೆ ವಿಭಾಗದಲ್ಲಿ ಚೀಟಿ ಕತ್ತರಿಸುವವಳು. ನಾನು ಕತ್ತರಿಸಿದ್ದನ್ನು ನಕ್ಷೆಯ ಮೇಲೆ ಅಂಟಿಸುತ್ತಿದ್ದವಳು ಅಂಟಕ್ಕ. ಇಪ್ಪತ್ತಾರು ವರ್ಷ ಒಂದೇ ಮೇಜಿನ ಆ ಬದಿಗೆ ಅವಳು, ಈ ಬದಿಗೆ ನಾನು. ಕಟ್ಟಿಕೊಂಡ ಗಂಡನ ಎದುರಿಗೂ ನಾನು ಅಷ್ಟು ಹೊತ್ತು ಕೂತಿಲ್ಲ, ಅವನ ಜೊತೆ ಅಷ್ಟು ಜಗಳವನ್ನೂ ಆಡಿಲ್ಲ.

ನಮ್ಮ ಕೆಲಸ ಏನೆಂದು ಮೊದಲು ಹೇಳಿಬಿಡುತ್ತೇನೆ. ಇಲ್ಲಿಂದ ಬಸ್ಸಿನಲ್ಲಿ ಒಂದು ಗಂಟೆ ಹೋದರೆ ನದಿ. ನದಿಯ ಆಚೆ ದಂಡೆ ನಮ್ಮದು ಎನ್ನುತ್ತದೆ ನಮ್ಮ ಸರ್ಕಾರ, ತಮ್ಮದು ಎನ್ನುತ್ತದೆ ಅವರ ಸರ್ಕಾರ. ಅರ್ಧ ಶತಮಾನದಿಂದ ಅಲ್ಲಿ ಕಾವಲು ನಿಂತಿರುವವರು ಅವರ ಸೈನಿಕರು. ನಕ್ಷೆಯಲ್ಲಿ ಬಳಿದ ಬಣ್ಣ ಮಾತ್ರ ನಮ್ಮದು. ನೆಲ ಕೈಯಲ್ಲಿಲ್ಲದವರಿಗೆ ಹೆಸರಿನ ಮೇಲೆ ಮಮಕಾರ ಜಾಸ್ತಿ. ಅವರು ಅಲ್ಲಿಯ ಒಂದು ಊರಿಗೆ ಹೊಸ ಹೆಸರಿಟ್ಟರು ಎಂದು ಸುದ್ದಿ ಬಂದರೆ ಸಾಕು, ಇಲ್ಲಿ ಸಮಿತಿ ಕೂತು ಅದೇ ಊರಿಗೆ ಇನ್ನೊಂದು ಹೆಸರು ಹುಡುಕುತ್ತದೆ. ಅವರಿಟ್ಟ ಹೆಸರನ್ನು ಬಾಯಲ್ಲಿ ಆಡಿದರೂ ಅವರ ಹಕ್ಕನ್ನು ಒಪ್ಪಿಕೊಂಡ ಹಾಗೆ ಎಂದು ದೊಡ್ಡ ಸಾಹೇಬರು ಭಾಷಣದಲ್ಲಿ ಹೇಳುತ್ತಿದ್ದರು. ಪಾಪ, ಆ ಊರಿನ ಜನಕ್ಕೆ ನಾವಿಟ್ಟ ಹೆಸರು ಯಾವುದೆಂದು ಗೊತ್ತೂ ಇರಲಿಲ್ಲ.

ಹೊಸ ನಕ್ಷೆಯನ್ನೇ ಅಚ್ಚು ಹಾಕಿಸಬಾರದೇ ಎಂದು ನೀವು ಕೇಳಬಹುದು. ಬುದ್ಧಿವಂತರು ನೀವು. ಅಚ್ಚಿಗೆ ಅನುಮತಿ ಬೇಕು, ಅನುಮತಿ ಬರುವಷ್ಟರಲ್ಲಿ ಹೆಸರು ಇನ್ನೊಂದು ಸಲ ಬದಲಾಗಿರುತ್ತದೆ. ಆದ್ದರಿಂದ ಸುತ್ತೋಲೆ ಬರುತ್ತದೆ, ಅದರ ಹಿಂದೆ ಹೊಸ ಹೆಸರುಗಳನ್ನು ಸಾಲುಸಾಲಾಗಿ ಅಚ್ಚು ಮಾಡಿದ ಹಾಳೆ ಬರುತ್ತದೆ. ಒಂದೊಂದು ಹೆಸರನ್ನೂ ನಾನು ಅಕ್ಕಿಕಾಳಿನ ಅಗಲಕ್ಕೆ ಕತ್ತರಿಸಬೇಕು, ಅಂಟಕ್ಕ ಅದನ್ನು ಹಳೆಯ ಹೆಸರಿನ ಮೇಲೆ ಕೂರಿಸಬೇಕು. ಆಚೆ ದಂಡೆಯ ನಕ್ಷೆಗೆ ನಾನೂರ ಹನ್ನೆರಡು ಪ್ರತಿಗಳಿದ್ದವು. ಒಂದು ಊರಿನ ಹೆಸರು ಬದಲಾದರೆ ನಾನೂರ ಹನ್ನೆರಡು ಚೀಟಿ.

ಅಂಟಕ್ಕ ಸಣ್ಣ ಆಳು. ಕನ್ನಡಕದ ಕಾಲು ಮುರಿದಿದ್ದಕ್ಕೆ ದಾರ ಕಟ್ಟಿಕೊಂಡು ಹತ್ತು ವರ್ಷ ಓಡಿಸಿದಳು. ಇಕ್ಕಳದಿಂದ ಚೀಟಿ ಎತ್ತಿ, ಹಿಂಬದಿಗೆ ಕುಂಚ ಸವರಿ, ಉಸಿರು ಬಿಗಿಹಿಡಿದು ಹೆಸರಿನ ಮೇಲೆ ಇಳಿಸಿ, ಹೆಬ್ಬೆರಳಿನಿಂದ ಒತ್ತಿ, ಬಾಯೊಳಗೇ ಐದರವರೆಗೆ ಎಣಿಸುತ್ತಿದ್ದಳು. ಒಂದು ದಿನಕ್ಕೂ ಸೊಟ್ಟಗೆ ಅಂಟಿಸಿದವಳಲ್ಲ. ಮದುವೆಯಾಗಿ ಮೂರೇ ವರ್ಷಕ್ಕೆ ಗಂಡ ತೀರಿಕೊಂಡಿದ್ದ. ಆಮೇಲೆ ತಾಯಿಯ ಜೊತೆ, ದರ್ಜಿ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಅವಳ ಸಂಸಾರ.

ನಮ್ಮಿಬ್ಬರ ಜಗಳವೆಲ್ಲ ಅಂಟಿನದು. ಕಚೇರಿಯಲ್ಲಿ ಡಬ್ಬದ ಬಿಳಿ ಗೋಂದು ಕೊಡುತ್ತಿದ್ದರು. ಒಣಗಿದರೆ ಮುಗಿಯಿತು, ಕೀಳಲು ಹೋದರೆ ಕಾಗದ ಹರಿದೀತೇ ಹೊರತು ಚೀಟಿ ಬರುತ್ತಿರಲಿಲ್ಲ. ಅದು ತಾಗಿದರೆ ಅಂಟಕ್ಕನ ಬೆರಳು ಉರಿದು ಸಿಪ್ಪೆ ಏಳುತ್ತಿತ್ತಂತೆ. ಅದಕ್ಕೆ ಅವಳು ದಿನಾ ಬೆಳಿಗ್ಗೆ ಮನೆಯಲ್ಲಿ ಮೈದಾ ಹಿಟ್ಟು ಕಾಯಿಸಿ, ಅಂಗೈಯಗಲದ ಸ್ಟೀಲ್ ಡಬ್ಬಿಯಲ್ಲಿ ತರುತ್ತಿದ್ದಳು. ಊಟದ ಡಬ್ಬಿ ಯಾವುದು ಅಂಟಿನ ಡಬ್ಬಿ ಯಾವುದು ಎಂದು ತಿಳಿಯದೆ ನಾನೊಮ್ಮೆ ಚಮಚ ಹಾಕಿದ್ದೂ ಉಂಟು. ಮೈದಾ ಇದ್ದಲ್ಲಿ ಹುಳ ಬಾರದೆ ಇರುತ್ತದೆಯೇ? ಪುಸ್ತಕದ ಹುಳಗಳು ಡ್ರಾಯರಿನೊಳಗೆ ನುಗ್ಗಿ ಚೀಟಿಗಳ ಮೂಲೆ ತಿಂದು ಹಾಕುತ್ತಿದ್ದವು. ನಾನು ಮತ್ತೆ ಕತ್ತರಿಸಬೇಕು.

"ಅಕ್ಕಾ, ಇದೇನು ಆಫೀಸೋ ಹೋಟ್ಲೋ? ಹುಳಗಳಿಗೆ ದಿನಾ ಊಟ ಹಾಕ್ತಿದ್ದೀಯಲ್ಲ!"

"ಹೋಗ್ಲಿ ಬಿಡೇ, ಅವಕ್ಕೂ ಹೊಟ್ಟೆ ಇಲ್ವಾ?"

"ನಾನು ಕಣ್ಣು ಕಳ್ಕೊಂಡು ಕತ್ತರಿಸಿದ ಚೀಟಿ ಕಣೇ ಅವು ತಿನ್ನೋದು!"

"ನಿನ್ನ ಚೀಟಿ ಅಲ್ಲ, ನನ್ನ ಮೈದಾ ತಿನ್ನೋದು. ಚೀಟಿ ಅದರ ಜೊತೆಗೆ ಹೋಗತ್ತೆ, ಅಷ್ಟೆ."

ಮೂರು ಸಲ ಅವಳಿಗೆ ನೋಟಿಸು ಬಂತು. ಮೂರನ್ನೂ ಓದಿ, ಮಡಚಿ, ಡ್ರಾಯರಿನಲ್ಲಿಟ್ಟು, ಮಾರನೆಯ ದಿನ ಮೈದಾ ಡಬ್ಬಿಯನ್ನೇ ತಂದಳು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ನಾನೂ ಹೇಳಿ ಹೇಳಿ ಸುಮ್ಮನಾದೆ.

ನಾವು ಜೊತೆಗೆ ಕೂತು ಹದಿನೈದು ವರ್ಷವಾಗಿದ್ದಾಗ ಒಂದು ವಿಚಿತ್ರ ಸುತ್ತೋಲೆ ಬಂತು. ಆಚೆ ದಂಡೆಯಲ್ಲಿ ನಲವತ್ತು ಮನೆಗಿಂತ ಕಡಿಮೆ ಇರುವ, ನಮ್ಮವರು ಹೊಸ ಹೆಸರು ಇಡದ ಊರುಗಳನ್ನೆಲ್ಲ ಖಾಲಿ ಚೀಟಿ ಅಂಟಿಸಿ ಮುಚ್ಚಬೇಕು, ಊರಿನ ಚುಕ್ಕೆಯೂ ಕಾಣಬಾರದು. ಹೆಸರು ಹುಡುಕಿ ಹುಡುಕಿ ಸಮಿತಿಗೂ ಸುಸ್ತಾಗಿರಬೇಕು ಎಂದು ನಾನು ನಕ್ಕೆ. ಖಾಲಿ ಚೀಟಿ ನನಗೆ ಸುಲಭ, ಅಕ್ಷರ ತುಂಡಾಗುವ ಭಯವಿಲ್ಲ. ಹಾಡು ಗುನುಗಿಕೊಂಡು ರಾಶಿ ಹಾಕಿದೆ. ಅಂಟಕ್ಕ ಮಾತ್ರ ಆ ವಾರವೆಲ್ಲ ನನ್ನ ಜೊತೆ ಜಗಳಕ್ಕೂ ಬರಲಿಲ್ಲ. ನದಿ ತಿರುಗುವ ಜಾಗದಲ್ಲಿದ್ದ ಒಂದು ಊರನ್ನು ಕೊನೆಯವರೆಗೂ ಉಳಿಸಿಕೊಂಡಳು. ನಾನೂರ ಹನ್ನೆರಡು ಹಾಳೆಯಲ್ಲಿ ಅದೊಂದನ್ನು ಮುಚ್ಚುವುದಕ್ಕೆ ಅವಳಿಗೆ ಮೂರು ದಿನ ಹಿಡಿಯಿತು.

"ಏನಾಯ್ತೇ ಅಕ್ಕಾ?" ಎಂದು ಕೇಳಿದೆ.

"ತಲೆನೋವು ಕಣೇ."

ಹೌದಿರಬೇಕು ಎಂದುಕೊಂಡು ಮಾತ್ರೆ ಕೊಟ್ಟೆ. ಅವಳು ನೀರು ಕುಡಿದು ನುಂಗಿದಳು. ಅದನ್ನು ನೆನೆದರೆ ನನಗೆ ಇವತ್ತಿಗೂ ನಾಚಿಕೆಯಾಗುತ್ತದೆ.

ಅಂಟಕ್ಕನ ಅಮ್ಮನನ್ನು ನಾನು ಅಜ್ಜಿ ಎನ್ನುತ್ತಿದ್ದೆ. ರಜೆಯ ದಿನ ಹೋದರೆ ಕೈಗೆ ಚಹಾ ಕೊಟ್ಟು, "ಬಾರೇ ಕತ್ತರಿ, ಈ ವಾರ ಯಾವ್ಯಾವ ಊರಿನ ಕತ್ತು ಕತ್ತರಿಸಿದೆ?" ಎಂದು ನಗುತ್ತಿತ್ತು. ಅಜ್ಜಿ ಆಚೆ ದಂಡೆಯಲ್ಲಿ ಹುಟ್ಟಿದ್ದು, ಅಲ್ಲೇ ಮದುವೆಯಾಗಿದ್ದು. ಮೂವತ್ತೊಂದು ಮನೆಯ ಊರು. ಅವರ ಸೈನಿಕರು ನುಗ್ಗಿದ ಗಲಾಟೆಯ ವರ್ಷ ಎರಡು ವರ್ಷದ ಅಂಟಕ್ಕನನ್ನು ಸೊಂಟಕ್ಕೆ ಕಟ್ಟಿಕೊಂಡು ದೋಣಿ ಹತ್ತಿ ಬಂದವರಿಗೆ ಮತ್ತೆ ಹೋಗಲಾಗಲಿಲ್ಲ. ಹೋಗಲೇಬೇಕೆಂಬ ಆಸೆಗೆ ಕಾರಣ ಮನೆಯಲ್ಲ, ಹೊಲವಲ್ಲ. ಅಂಟಕ್ಕನಿಗೊಬ್ಬ ಅಣ್ಣನಿದ್ದ. ಬರುವ ಹಿಂದಿನ ವರ್ಷ ಜ್ವರ ಬಂದು ನಾಲ್ಕು ವರ್ಷಕ್ಕೇ ಹೋಗಿಬಿಟ್ಟಿದ್ದ. ಅಡುಗೆಮನೆಯ ಹಿತ್ತಿಲ ಬಾಗಿಲಿನಿಂದ ಏಳು ಹೆಜ್ಜೆ ದೂರದಲ್ಲಿ ಮಣ್ಣು ಮಾಡಿ, ಗುರುತಿಗೆ ಮೂರು ಕಲ್ಲಿಟ್ಟಿದ್ದರಂತೆ.

"ಬಾಗಿಲಿಂದ ನೆಟ್ಟಗೆ ಏಳು ಹೆಜ್ಜೆ. ಪಾತ್ರೆ ತೊಳೀತಾ ಕೂತರೆ ಕಣ್ಣೆದುರಿಗೇ ಇದ್ದ" ಎನ್ನುತ್ತಿತ್ತು ಅಜ್ಜಿ. ಮೊಣಕಾಲು ಹಿಡಿದ ಮೇಲೂ ಕೋಣೆಯೊಳಗೆ ದಿನಾ ಸಂಜೆ ಏಳು ಹೆಜ್ಜೆ ಆ ಕಡೆ, ಏಳು ಹೆಜ್ಜೆ ಈ ಕಡೆ ನಡೆಯುತ್ತಿತ್ತು. ಡಾಕ್ಟರು ಹೇಳಿದ ವ್ಯಾಯಾಮವೆಂದು ನಾನು ಬಹಳ ದಿನ ತಿಳಿದಿದ್ದೆ.

ಅಜ್ಜಿಗೆ ಎಂಬತ್ತೆರಡಾಗಿದ್ದಾಗ ಎರಡು ಸರ್ಕಾರಗಳಿಗೂ ಅದೇನು ಒಳ್ಳೆ ಬುದ್ಧಿ ಬಂತೋ, ಕೂತು ಮಾತಾಡಿ ಒಂದು ಒಪ್ಪಂದ ಮಾಡಿಕೊಂಡವು. ಆಚೆ ದಂಡೆಯಲ್ಲಿ ಹುಟ್ಟಿದ, ಎಪ್ಪತ್ತು ದಾಟಿದವರು ಜೊತೆಗೊಬ್ಬರನ್ನು ಕರೆದುಕೊಂಡು ಒಂದು ದಿನದ ಮಟ್ಟಿಗೆ ಹುಟ್ಟೂರು ನೋಡಿಬರಬಹುದು. ಮೂರೇ ತಿಂಗಳ ಅವಕಾಶ. ಊರಿನ ಹೆಸರಿನ ಬಗ್ಗೆ ಇಬ್ಬರೂ ಒಪ್ಪಲಿಲ್ಲ. ಕೊನೆಗೆ ಪರವಾನಗಿಯಲ್ಲಿ ನಕ್ಷೆಯ ಚೌಕದ ಸಂಖ್ಯೆ ಬರೆಯುವುದೆಂದು ಆಯಿತು. ಬರೆದ ಊರನ್ನು ಬಿಟ್ಟು ಇನ್ನೊಂದಕ್ಕೆ ಕಾಲಿಡುವಂತಿಲ್ಲ. ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಹುಟ್ಟೂರು ನಮ್ಮ ಅಧಿಕೃತ ನಕ್ಷೆಯಲ್ಲಿ ಇರಲೇಬೇಕು ಎಂದು ನಮ್ಮವರು ಒಂದು ಷರತ್ತು ಸೇರಿಸಿದರು.

ಅಜ್ಜಿ ಅರ್ಜಿ ಹಾಕಿದ ಹದಿನೆಂಟನೆಯ ದಿನಕ್ಕೆ ಉತ್ತರ ಬಂತು. ಅಂಟಕ್ಕ ಆ ಕಾಗದವನ್ನು ಕಚೇರಿಗೆ ತಂದು ನನ್ನ ಮುಂದಿಟ್ಟಳು. 'ತಾವು ನಮೂದಿಸಿದ ಊರು ನಕ್ಷೆಯಲ್ಲಿ ಕಂಡುಬಂದಿರುವುದಿಲ್ಲ.'

"ಕಂಡುಬಂದಿಲ್ಲ ಅಂದ್ರೇನು? ಕಣ್ಣು ಕಾಣಲ್ವಾ ಅವರಿಗೆ?" ಎಂದು ನಾನು ಎದ್ದು ನಿಂತೆ. ಕಂಪ್ಯೂಟರಿನ ಪಟ್ಟಿಯನ್ನೂ ನಮ್ಮ ಹಾಳೆಗಳನ್ನು ನೋಡಿಯೇ ತುಂಬಿಸಿದ್ದು. ನಮ್ಮ ಹಾಳೆಯಲ್ಲಿ ಇಲ್ಲದ್ದು ಎಲ್ಲಿಯೂ ಇಲ್ಲ. ನಡಿ, ಡ್ರಾಯರಿನಿಂದ ತೆಗೆದು ಮುಖಕ್ಕೆ ಹಿಡಿಯೋಣ ಎಂದು ಹೇಳುತ್ತಿದ್ದವಳು ಅವಳ ಮುಖ ನೋಡಿ ನಿಂತುಬಿಟ್ಟೆ.

"ನದಿ ತಿರುಗೋ ಜಾಗ" ಎಂದಳು ಅಂಟಕ್ಕ. "ತಲೆನೋವಿಗೆ ಮಾತ್ರೆ ಕೊಟ್ಟಿದ್ಯಲ್ಲ, ಆವತ್ತು."

ಎದ್ದವಳು ಆ ಕಾಗದವನ್ನು ಇನ್ನೊಂದು ಸಲ ಓದಿದೆ.

"ನಾನೇ ಮುಚ್ಚಿದ್ದು ಕಣೇ. ಒಂದೊಂದೂ. ನಾನು ಅಂಟಿಸದೇ ಇದ್ರೆ ಇನ್ನೊಬ್ಬರು ಅಂಟಿಸ್ತಾರೆ, ಕೆಲಸ ಹೋದ್ರೆ ಅಮ್ಮನ್ನ ಹ್ಯಾಗೆ ಸಾಕ್ಲಿ ಅಂತ ಅಂಟಿಸ್ದೆ. ಬರೀ ಕಾಗದ ತಾನೇ ಅಂದ್ಕೊಂಡೆ. ಅಮ್ಮ ಈ ಉತ್ತರ ಓದಿಸ್ಕೊಂಡು ಏನು ಕೇಳಿದ್ಲು ಗೊತ್ತಾ? 'ಊರಿಲ್ಲ ಅಂತ ಇವರಿಗೆ ಯಾರೇ ಹೇಳಿದ್ದು?' ಅಂದ್ಲು."

"ನೀನೇನಂದೆ?"

"ಗೊತ್ತಿಲ್ಲಮ್ಮ ಅಂದೆ."

ಮಗುವಿನ ಹಾಗೆ ಅತ್ತಳು. ಇಪ್ಪತ್ತನಾಲ್ಕು ವರ್ಷದಲ್ಲಿ ಅವಳು ಅತ್ತಿದ್ದನ್ನು ನಾನು ನೋಡಿದ್ದು ಅದೇ ಮೊದಲ ಸಲ. ಪಕ್ಕದ ದೊಡ್ಡ ಊರಿನ ಹೆಸರು ಬರೆಸಿ ಇನ್ನೊಂದು ಅರ್ಜಿ ಹಾಕು ಎಂದೆ. ಹಾಗೆ ಮಾಡಿದರೆ ಆ ಊರಿಗೇ ಹೋಗಿ ಬರಬೇಕು, ಏಳು ಹೆಜ್ಜೆಯನ್ನು ಅಲ್ಲಿ ಎಲ್ಲಿಂದ ಎಣಿಸುವುದು? ಮೇಲ್ಮನವಿ ಹಾಕುವುದೊಂದೇ ದಾರಿ. "ಅಜ್ಜಿಗೆ ಮೊದಲೇ ಹೇಳಿಬಿಡು" ಎಂದು ದಿನಾ ಅವಳ ತಲೆ ತಿಂದೆ. ದಿನಾ ನಾಳೆ ಎಂದಳು.

ವಿಚಾರಣೆಗೆ ಕರೆದದ್ದು ಆಚೆ ದಂಡೆಗೆ ಹೋಗುವ ಕೊನೆಯ ಬಸ್ಸಿಗೆ ಹನ್ನೆರಡು ದಿನ ಉಳಿದಿದ್ದಾಗ. ನಮ್ಮದೇ ಕಟ್ಟಡದ ಎರಡನೆಯ ಮಹಡಿ. ಅಜ್ಜಿಯನ್ನು ನಾವಿಬ್ಬರೂ ಎರಡು ಕಡೆ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿಸಿದೆವು. ವಿಚಾರಣೆಯ ಸಾಹೇಬರಿಗೆ ಮೂವತ್ತೈದು ಇರಬಹುದು. ಮೇಜಿನ ತುಂಬ ಮೊಹರು ಹಾಕಿದ ನಕ್ಷೆ ಹಾಸಿಕೊಂಡು, ಭೂತಗನ್ನಡಿ ಹಿಡಿದು, ನದಿಯುದ್ದಕ್ಕೂ ಎರಡು ಸಲ ಹುಡುಕಿದರು. ಕೆಟ್ಟವರೇನಲ್ಲ, ಪಾಪ, ನಿಜವಾಗಿಯೂ ಹುಡುಕಿದರು.

"ಇಲ್ಲಿ ಏನೂ ಇಲ್ಲ ಅಜ್ಜಿ" ಎಂದರು.

"ಇದೆಯಪ್ಪ. ಸರಿಯಾಗಿ ನೋಡು."

ಸಾಹೇಬರು ನಿಟ್ಟುಸಿರು ಬಿಟ್ಟು ಅರ್ಜಿ ತಿರುವಿದರು. ಒಂದು ಕಡೆ ಖಾಲಿ ಬಿಟ್ಟಿತ್ತು. "ನೋಡೋಕೆ ಹೋಗ್ತಿರೋದು ಯಾರನ್ನ? ಸಂಬಂಧಿಕರು ಇದ್ದಾರಾ ಅಲ್ಲಿ?"

"ಮಗ ಇದ್ದಾನೆ."

"ಸರಿ. ಮಗ" ಎಂದು ಬರೆದುಕೊಂಡರು. "ವಯಸ್ಸು?"

"ನಾಲ್ಕು."

ಸಾಹೇಬರು ನಾಲ್ಕು ಎಂದು ಬರೆದರು. ಬರೆದಾದ ಮೇಲೆ ತಲೆಯೆತ್ತಿ ಅಜ್ಜಿಯ ಮುಖ ನೋಡಿದರು. ಪೆನ್ನಿನ ಮುಚ್ಚಳ ಹಾಕಿ ಮೇಜಿನ ಮೇಲಿಟ್ಟರು. ಹೊರಗೆ ಕಾರಿಡಾರಿನಲ್ಲಿ ಯಾರೋ ಕುರ್ಚಿ ಎಳೆದ ಸದ್ದು ಕೇಳಿಸಿತು.

ಆಗ ಅಂಟಕ್ಕ ಹೇಳಿದಳು. "ಊರಿದೆ ಸಾರ್. ಅಮ್ಮ ಹೇಳ್ತಿರೋದು ನಿಜ. ನದಿ ತಿರುಗೋ ಕಡೆ ನೋಡಿ, ಖಾಲಿ ಚೀಟಿ ಇದೆ. ಅದರ ಕೆಳಗಿದೆ. ನಾನೇ ಮುಚ್ಚಿದ್ದು."

ಅಜ್ಜಿ ಮಗಳ ಕಡೆ ತಿರುಗಿತು. ಬೈಯುತ್ತದೆ ಎಂದುಕೊಂಡೆ. ಬೈದಿದ್ದರೆ ಒಳ್ಳೆಯದಿತ್ತು, ಸುಮ್ಮನೆ ನೋಡುತ್ತಾ ಕೂತಿತು. ಅಂಟಕ್ಕ ಅಮ್ಮನ ಕಡೆ ನೋಡದೆ ಸಾಹೇಬರನ್ನೇ ನೋಡುತ್ತಿದ್ದಳು.

ಸಾಹೇಬರು ಉಗುರಿನಿಂದ ಚೀಟಿಯನ್ನು ಮುಟ್ಟಿ ನೋಡಿದರು. "ಕೆಳಗಿದ್ದರೂ ನನಗೆ ಕಾಣಬೇಕಲ್ಲಮ್ಮ. ಆಫೀಸಿನ ಗೋಂದು ಇದು. ಕೀಳೋಕೆ ಹೋದ್ರೆ ನಕ್ಷೆ ಹರಿದು ಹೋಗತ್ತೆ. ಮೊಹರು ಹಾಕಿದ ಹಾಳೆ. ನನ್ನ ಕೆಲಸ ಹೋಗತ್ತೆ, ನಿಮ್ಮ ಊರೂ ಹೋಗತ್ತೆ."

ಇನ್ನು ನಾನು ಬಾಯಿ ಮುಚ್ಚಿಕೊಂಡಿದ್ದರೆ ಕತ್ತರಿ ಎಂಬ ಹೆಸರಿಗೇ ಅವಮಾನ. "ಗೋಂದಲ್ಲ ಸಾರ್, ಮೈದಾ!" ಎಂದು ಕೂಗಿದೆ. "ಇವಳು ಜನ್ಮದಲ್ಲಿ ಆಫೀಸಿನ ಗೋಂದು ಮುಟ್ಟಿದವಳಲ್ಲ. ಮೂರು ನೋಟಿಸು ಕೊಟ್ಟಿದ್ದಾರೆ, ಬೇಕಾದ್ರೆ ತಂದು ತೋರಿಸ್ತೀನಿ. ಒಂದು ಲೋಟ ಬಿಸಿನೀರು ತರಿಸಿ ಸಾರ್, ಸಾಕು."

ಸಾಹೇಬರು ನನ್ನನ್ನು ನೋಡಿದರು, ಅಜ್ಜಿಯನ್ನು ನೋಡಿದರು, ನಾಲ್ಕು ಎಂದು ಬರೆದಿದ್ದನ್ನು ನೋಡಿದರು. ತಮ್ಮದೇ ಫ್ಲಾಸ್ಕನ್ನು ಮುಂದೆ ತಳ್ಳಿದರು.

ಅಂಟಕ್ಕ ಕರವಸ್ತ್ರವನ್ನು ಬಿಸಿನೀರಿನಲ್ಲಿ ಅದ್ದಿ, ಚೆನ್ನಾಗಿ ಹಿಂಡಿ, ಸಣ್ಣದಾಗಿ ಮಡಚಿ ಚೀಟಿಯ ಮೇಲಿಟ್ಟಳು. ಅಜ್ಜಿ ಮುಂದೆ ಬಗ್ಗಿ ತನ್ನ ಹಸ್ತವನ್ನು ಮಗಳ ಹಸ್ತದ ಮೇಲಿಟ್ಟು ಒತ್ತಿ ಹಿಡಿಯಿತು.

"ಎಷ್ಟು ಹೊತ್ತು?" ಎಂದು ಕೇಳಿತು.

"ನೂರು ಎಣಿಸಮ್ಮ."

ಅಜ್ಜಿ ಗಟ್ಟಿಯಾಗಿ ಎಣಿಸಿತು. ಐವತ್ತರ ಹತ್ತಿರ ತಪ್ಪಿತು, ಸಾಹೇಬರೇ ಮೆಲ್ಲಗೆ "ಐವತ್ತಮೂರು" ಎಂದು ಎತ್ತಿಕೊಟ್ಟರು. ನೂರಾದ ಮೇಲೆ ಅಂಟಕ್ಕ ಬಟ್ಟೆ ತೆಗೆದು, ಇಕ್ಕಳದಿಂದ ಮೂಲೆ ಹಿಡಿದು ಎಳೆದಳು. ಹಾಲಿನ ಕೆನೆ ಬಂದ ಹಾಗೆ ಚೀಟಿ ಪೂರ್ತಿಯಾಗಿ ಎದ್ದು ಬಂತು. ಕೆಳಗೆ ಕಪ್ಪು ಚುಕ್ಕೆ, ಪಕ್ಕದಲ್ಲಿ ಹೆಸರು.

ಅಜ್ಜಿ ಭೂತಗನ್ನಡಿ ತೆಗೆದುಕೊಂಡು ಬಗ್ಗಿ ಓದಿತು. ಎರಡೇ ಅಕ್ಷರ. ಅದನ್ನು ನಾನಿಲ್ಲಿ ಬರೆಯುವಂತಿಲ್ಲ, ಸುತ್ತೋಲೆ ಈಗಲೂ ಜಾರಿಯಲ್ಲಿದೆ, ನನಗೆ ಪಿಂಚಣಿಯಾಗುವುದಕ್ಕೆ ಇನ್ನೂ ಎರಡು ವರ್ಷ ಬಾಕಿಯಿದೆ. ಅಜ್ಜಿ ಮಾತ್ರ ಎರಡು ಸಲ ಗಟ್ಟಿಯಾಗಿ ಹೇಳಿತು. ಆಮೇಲೆ ಬೆರಳಿನಿಂದ ಅಕ್ಷರಗಳನ್ನು ಸವರಿ ಮಗಳಿಗೆ ಹೇಳಿತು:

"ಎಷ್ಟು ಜೋಪಾನವಾಗಿ ಮುಚ್ಚಿದ್ದೀಯೇ. ಒಂದಕ್ಷರಾನೂ ಹಾಳಾಗಿಲ್ಲ."

ಅಂಟಕ್ಕ ಅಲ್ಲೇ ನೆಲದ ಮೇಲೆ ಕೂತು ಅಮ್ಮನ ಮಡಿಲಲ್ಲಿ ಮುಖ ಇಟ್ಟಳು. ನಾನು ಕಿಟಕಿಯ ಕಡೆ ತಿರುಗಿದೆ. ನನಗೆ ಅಳುವವರನ್ನು ಕಂಡರೆ ಸಿಟ್ಟು ಬರುತ್ತದೆ, ನನಗೇ ಅಳು ಬಂದರಂತೂ ಇನ್ನೂ ಸಿಟ್ಟು. ಸಾಹೇಬರು 'ನಕ್ಷೆಯಲ್ಲಿ ಕಂಡುಬಂದಿದೆ' ಎಂದು ಬರೆದು, ಚೌಕದ ಸಂಖ್ಯೆ ಹಾಕಿ, ಸಹಿ ಮಾಡಿ, ಗಡಿಯಾರ ನೋಡಿಕೊಂಡರು. ಹನ್ನೊಂದೂವರೆಯೂ ಆಗಿರಲಿಲ್ಲ.

"ನಾನು ಊಟಕ್ಕೆ ಹೋಗ್ತೀನಿ" ಎಂದರು. "ಬರೋ ಹೊತ್ತಿಗೆ ಹಾಳೆ ಮೊದಲಿದ್ದ ಹಾಗೇ ಇರಬೇಕು. ನಾನೇನೂ ನೋಡಿಲ್ಲ."

ನನ್ನ ಚೀಲದಲ್ಲಿ ಕತ್ತರಿಯಿತ್ತು, ಅವಳ ಚೀಲದಲ್ಲಿ ಡಬ್ಬಿಯಿತ್ತು. ಐದು ನಿಮಿಷದ ಕೆಲಸ. ಮೆಟ್ಟಿಲು ಇಳಿಯುವಾಗ ನಾನು ತಡೆಯಲಾರದೆ ಕೇಳಿದೆ. "ನಿಜ ಹೇಳು, ಬೇಕೂಂತಲೇ ಮೈದಾ ಹಾಕ್ತಿದ್ಯಾ ಇಷ್ಟು ವರ್ಷ?"

"ಇಲ್ವೇ ಮಾರಾಯ್ತಿ, ಕೈ ಉರೀತಿತ್ತು, ಅಷ್ಟೆ." ನಾಲ್ಕು ಮೆಟ್ಟಿಲು ಇಳಿದ ಮೇಲೆ ಮೆಲ್ಲಗೆ ಸೇರಿಸಿದಳು, "ಆ ಮೂರು ದಿನ ಮಾತ್ರ ಸ್ವಲ್ಪ ತೆಳ್ಳಗೆ ಮಾಡಿದ್ದೆ."

ಅವರಿಬ್ಬರೂ ಮುಂದಿನ ಬುಧವಾರ ಹೋಗಿಬಂದರು. ನಾನು ಬಸ್ ನಿಲ್ದಾಣದವರೆಗೆ ಹೋಗಿ ಕೈಬೀಸಿದೆ. ಅಲ್ಲಿ ನಡೆದದ್ದನ್ನು ಅಂಟಕ್ಕ ಮಾರನೆಯ ದಿನ ಮೇಜಿನ ಆ ಬದಿಗೆ ಕೂತು ಹೇಳಿದಳು. ಊರ ಬಾಯಲ್ಲಿ ಅವರ ಸರ್ಕಾರ ಇಟ್ಟ ಹೊಸ ಹೆಸರಿನ ಬೋರ್ಡಿತ್ತಂತೆ, ಅಜ್ಜಿ ಆ ಕಡೆ ತಿರುಗಿಯೂ ನೋಡಲಿಲ್ಲವಂತೆ. ಮನೆ ಬಿದ್ದು ಹೋಗಿತ್ತು. ಹಿತ್ತಿಲ ಬಾಗಿಲಿನ ಹೊಸ್ತಿಲಿನ ಕಲ್ಲು ಮಾತ್ರ ನೆಲದಲ್ಲಿ ಉಳಿದಿತ್ತು. ಸುತ್ತಲೂ ಸೊಂಟದೆತ್ತರಕ್ಕೆ ಹುಲ್ಲು. ಅಜ್ಜಿ ಹೊಸ್ತಿಲ ಮೇಲೆ ನಿಂತು ನೆಟ್ಟಗೆ ಏಳು ಹೆಜ್ಜೆ ಇಟ್ಟಿತು. ಅಲ್ಲಿ ಏನೂ ಇರಲಿಲ್ಲ. ತಿರುಗಿ ಬಂದು ಮತ್ತೆ ಎಣಿಸಿತು. ಇಲ್ಲ. ಜೊತೆಗಿದ್ದ ಅವರ ಸೈನಿಕ ವಾಚು ನೋಡಿಕೊಳ್ಳುತ್ತಿದ್ದ.

"ನಾನೂ ಹುಲ್ಲು ಸರಿಸಿ ನೋಡಿದೆ ಕಣೇ, ಸಿಗಲಿಲ್ಲ. ಆಮೇಲೆ ಅಮ್ಮ ತನ್ನ ಕಾಲು ನೋಡ್ಕೊಂಡು ನಕ್ಕಳು. 'ಅಯ್ಯೋ, ಇದು ಮುದುಕಿ ಹೆಜ್ಜೆ ಕಣೇ, ಗೇಣುದ್ದ. ನನಗಾಗ ಇಪ್ಪತ್ತೈದು. ನೀನು ಬಾ, ನೀನು ನಡಿ' ಅಂದ್ಲು. ನಾನು ಹೊಸ್ತಿಲ ಮೇಲೆ ನಿಂತೆ. 'ಬೇಗ ಬೇಗ ನಡಿ, ಒಲೆ ಮೇಲೆ ಹಾಲಿಟ್ಟು ಬಂದವಳ ಹಾಗೆ' ಅಂದ್ಲು. ನಡೆದೆ. ಏಳನೇ ಹೆಜ್ಜೆಗೆ ಕಾಲಿಗೆ ಕಲ್ಲು ತಾಗ್ತು."

ಮೂರೂ ಕಲ್ಲು ಇದ್ದವಂತೆ. ಅಜ್ಜಿ ಎರಡು ಗಂಟೆ ಅಲ್ಲೇ ಕೂತು, ಹುಲ್ಲು ಕಿತ್ತು, ಕಲ್ಲುಗಳನ್ನು ಸೆರಗಿನಿಂದ ಒರೆಸಿ, ಅಂಟಕ್ಕನಿಗೆ ಕೇಳಿಸದಷ್ಟು ಮೆಲ್ಲಗೆ ಏನೇನೋ ಮಾತಾಡಿತಂತೆ. ಹೊರಡುವಾಗ ಮಾತ್ರ ಗಟ್ಟಿಯಾಗಿ, "ಇವಳು ನಿನ್ನ ತಂಗಿ ಕಣೋ. ಗುರುತು ಸಿಕ್ತಾ? ತುಂಬಾ ದೊಡ್ಡವಳಾಗಿದ್ದಾಳೆ" ಎಂದಿತಂತೆ.

ಅಷ್ಟರಲ್ಲಿ ಸುದ್ದಿ ಹಬ್ಬಿತ್ತು. ತಿರಸ್ಕಾರದ ಕಾಗದ ಹಿಡಿದ ಮುದುಕರು ಮುದುಕಿಯರು ನಮ್ಮ ವಿಭಾಗದ ಮೆಟ್ಟಿಲ ಮೇಲೆ ಬಂದು ಕೂರತೊಡಗಿದರು. ಯಾವ ಚೀಟಿಯ ಕೆಳಗೆ ಯಾವ ಊರಿದೆ ಎಂದು ಅಂಟಕ್ಕನಿಗೆ ಬಾಯಿಪಾಠ. ಬಿಸಿನೀರು ಕಾಯಿಸುವುದು ನನ್ನ ಪಾಲಿಗೆ ಬಂತು. ಕೊನೆಯ ಬಸ್ಸು ಹೊರಡುವವರೆಗೆ ಹತ್ತೊಂಬತ್ತು ಊರುಗಳನ್ನು ತೆರೆದು ಮತ್ತೆ ಮುಚ್ಚಿದೆವು. ಆ ದಿನಗಳಲ್ಲಿ ಮೇಲಿನ ಮಹಡಿಯ ವಿಚಾರಣೆಯ ಸಾಹೇಬರು ದಿನಕ್ಕೆ ಮೂರು ಮೂರು ಸಲ ಊಟಕ್ಕೆ ಹೋಗುತ್ತಿದ್ದರು. ಅವರಿಗೇನು ಹೊಟ್ಟೆಯೋ ಕಣಜವೋ ಎಂದು ಉಳಿದ ಗುಮಾಸ್ತರು ಆಡಿಕೊಂಡರು.

ಒಪ್ಪಂದ ಮುರಿಯಿತು, ಮತ್ತೆ ಆಗಲಿಲ್ಲ. ಅಂಟಕ್ಕ ನಿವೃತ್ತಳಾದಳು. ಅವಳ ಡಬ್ಬಿಯನ್ನು ನನಗೆ ಕೊಟ್ಟು ಹೋದಳು. ನಾನೇ ಕತ್ತರಿಸಿ ನಾನೇ ಅಂಟಿಸುತ್ತೇನೆ. ಡಬ್ಬದ ಗೋಂದು ನನ್ನ ಕೈಯನ್ನು ಯಾವತ್ತೂ ಉರಿಸಿಲ್ಲ. ಆದರೂ ಬೆಳಿಗ್ಗೆ ಎದ್ದು ಮೈದಾ ಕಾಯಿಸುತ್ತೇನೆ. ನನಗೂ ಒಂದು ನೋಟಿಸು ಬಂದಿದೆ. ಅಜ್ಜಿ ಹೋದ ವರ್ಷ ತೀರಿಕೊಂಡಿತು, ನಿದ್ದೆಯಲ್ಲೇ.

ಮೊನ್ನೆ ಒಂದು ಹಾಳೆ ಬೇಕಾಗಿ ಡ್ರಾಯರು ಎಳೆದೆ. ನದಿ ತಿರುಗುವ ಜಾಗದಲ್ಲಿ ಚೀಟಿಯನ್ನು ಹುಳ ತಿಂದು ಹಾಕಿತ್ತು. ಚುಕ್ಕೆ ಕಾಣುತ್ತಿತ್ತು, ಎರಡು ಅಕ್ಷರವೂ ಕಾಣುತ್ತಿದ್ದವು. ಕೆಳಗಿನ ಹಾಳೆ ತೆಗೆದೆ, ಅದರಲ್ಲೂ ಹಾಗೆಯೇ. ಅದರ ಕೆಳಗಿನದರಲ್ಲೂ. ಬೇರೆ ಊರುಗಳ ಚೀಟಿಗೆ ಅಲ್ಲೊಂದು ಇಲ್ಲೊಂದು ಮೂಲೆ ಹೋಗಿತ್ತು, ಅಷ್ಟೆ. ತೆಳ್ಳಗಿನ ಅಂಟು ಹುಳಕ್ಕೆ ಹೆಚ್ಚು ರುಚಿಯೋ ಏನೋ, ನನಗೆ ತಿಳಿಯದು. ನಿಯಮದ ಪ್ರಕಾರ ಆ ಕ್ಷಣವೇ ಹೊಸ ಚೀಟಿ ಕತ್ತರಿಸಬೇಕು. ಕತ್ತರಿ ಕೈಯಲ್ಲೇ ಇತ್ತು.

ಅಂಟಕ್ಕನಿಗೆ ಫೋನು ಮಾಡಿದೆ.

"ಅಕ್ಕಾ, ನಿನ್ನ ಹುಳಗಳು ಮತ್ತೆ ನನ್ನ ಚೀಟಿ ತಿಂದಿವೆ."

"ಇನ್ನೂ ಶುರು ಹಚ್ಕೊಂಡ್ಯಾ? ಎಲ್ಲಿ?"

"ಅಜ್ಜಿ ಊರಿನ ಮೇಲೆ. ಪೂರ್ತಿ."

ಕೆಳಗಿನ ದರ್ಜಿ ಅಂಗಡಿಯ ಮಿಷನ್ನಿನ ಸದ್ದು ಫೋನಿನಲ್ಲಿ ಕೇಳಿಸುತ್ತಿತ್ತು.

"ಮತ್ತೆ ನೀನೇನು ಮಾಡ್ದೆ?" ಎಂದಳು ಕೊನೆಗೆ.

"ಡ್ರಾಯರು ಮುಚ್ಚಿದೆ" ಎಂದೆ. "ಊಟಕ್ಕೆ ಬಂದಿದ್ದೀನಿ."